ಪುಡಿ ಉದುರದ ರೊಟ್ಟಿ

ಸಿರಾಜುದ್ದೀನ ಮಾಸ್ತರರ ಬಳಿ ರಾಕೆಟ್ಟಿನ ಮಾದರಿ ಇರಲಿಲ್ಲ. ೧೯೮೪ರ ಅಣ್ಣಿಗೇರಿ ವಿಜ್ಞಾನ ಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು; ಬಾಹ್ಯಾಕಾಶದಲ್ಲಿ ಬದುಕುವುದು ಹೇಗೆಂದು ಅವರು ತೋರಿಸಬೇಕಿತ್ತು.

“ನಮ್ಮ ಕಡಕ್ ರೊಟ್ಟಿ ಒಯ್ರಿ. ತಿಂಗಳಾದ್ರೂ ಕೆಡೂದಿಲ್ಲ,” ಎಂದಳು ನೆರೆಮನೆಯ ಶಿವಗಂಗವ್ವ.

“ಅಲ್ಲಿ ಪುಡಿ ಕೆಳಗ ಬೀಳೂದಿಲ್ಲಕ್ಕಾ, ತೇಲಿ ಯಂತ್ರದಾಗ ಹೊಗತೈತಿ. ಒಂದು ಚೂರೂ ಉದುರದಂಗ ತಿನ್ನಬೇಕು.”

ಮಾಸ್ತರರು ಕರಿ ಬಟ್ಟೆ ಹಾಸಿ ತಾಲೀಮು ಮಾಡಿದರು. ಪ್ರತಿ ಸಲವೂ ಬಟ್ಟೆ ಬೆಳ್ಳಗಾಯಿತು. ಕೊನೆಗೆ ಹಲ್ಲೇ ಮುರಿಯಿತು.

ಶಿವಗಂಗವ್ವ ನಕ್ಕು, ರೊಟ್ಟಿಯನ್ನು ಒದ್ದೆ ಅರಿವೆಯಲ್ಲಿ ಸುತ್ತಿಟ್ಟು ಮೆತ್ತಗೆ ಮಾಡಿ, ಕಡಲೆಹಿಟ್ಟಿನ ಝುಣಕ ಹಚ್ಚಿ ಸುರುಳಿ ಮಾಡಿದಳು.

“ಇದನ್ನ ಮೊದಲ ಹೇಳಬಾರದಾಗಿತ್ತೇನಕ್ಕಾ?”

“ನೀವು ಕೇಳಿದ್ರೇನ್ರಿ, ಮಾಸ್ತರ?”

ಪ್ರದರ್ಶನದಲ್ಲಿ ಮಾಸ್ತರರು ಸುರುಳಿ ತಿಂದರು. ಕರಿ ಬಟ್ಟೆ ಕರಿಯಾಗಿಯೇ ಉಳಿಯಿತು. ಮೊದಲ ಬಹುಮಾನ ಬಂತು.

ತಾಲೀಮಿನಲ್ಲಿ ಹೋದದ್ದು ಹದಿನೇಳು ರೊಟ್ಟಿ, ಒಂದು ಹಲ್ಲು.