ಎರಡು ಸಾಲಿನ ಪರಿಚಯ

ಶಿಕ್ಷಣ ಇಲಾಖೆಯಿಂದ ಫೋನ್ ಬಂದಾಗ ಗಣಿತದ ಮೇಷ್ಟ್ರು ಒಂಬತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದರು. "ಸರ್, ಈ ಸಲದ ರಾಜ್ಯಮಟ್ಟದ ಉತ್ತಮ ಶಿಕ್ಷಕ ಪ್ರಶಸ್ತಿ ನಿಮ್ಮ ಮನೆಗೇ ಬಂದಿದೆ. ಅಭಿನಂದನೆಗಳು," ಎಂದಿತು ಆ ಕಡೆಯ ಹೆಣ್ಣುದನಿ. ಮೇಷ್ಟ್ರು ಎದ್ದು ನಿಂತರು. ಇಪ್ಪತ್ತಾರು ವರ್ಷದ ಸೇವೆ, ಮೂರು ಸಲ ಅರ್ಜಿ, ಮೂರು ಸಲವೂ ಬರಿಗೈ. "ಇದು ನನ್ನೊಬ್ಬನದ್ದಲ್ಲಮ್ಮ, ನಮ್ಮ ಇಡೀ ಶಾಲೆಯದ್ದು..." ಎಂದು ಶುರುಮಾಡಿ ಒಂದೂವರೆ ನಿಮಿಷ ಮಾತಾಡಿದರು. ಆಕೆ ಪಾಪ, ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಸರ್, ಮೇಡಂ ಫೋನ್ ಸಿಗ್ಲಿಲ್ಲ, ಅದಕ್ಕೆ ನಿಮಗೆ ಮಾಡಿದೆ. ಅವರಿಗೆ ತಿಳಿಸಿಬಿಡಿ," ಎಂದಳು.

ಮೇಡಂ ಎಂದರೆ ಅವರ ಹೆಂಡತಿ. ಅದೇ ಕಾಂಪೌಂಡಿನ ಇನ್ನೊಂದು ತುದಿಯಲ್ಲಿದ್ದ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದನೇ ಕ್ಲಾಸು ಬಿಟ್ಟು ಬೇರೆ ಕ್ಲಾಸು ಕೇಳಿದವರಲ್ಲ. ಪ್ರಶಸ್ತಿಗೆ ಅರ್ಜಿ ಹಾಕಿದವರೂ ಅಲ್ಲ. ಮಕ್ಕಳ ಓದು ಪರೀಕ್ಷಿಸಲು ಬಂದಿದ್ದ ಅಧಿಕಾರಿಯೊಬ್ಬರು ತಾವಾಗಿಯೇ ಹೆಸರು ಕಳಿಸಿದ್ದರು.

ಸುದ್ದಿ ಕೇಳಿ ಮೇಡಂ ಮೊದಲು ನಕ್ಕರು. "ನಂಗ್ಯಾಕ್ರೀ? ನಿಮ್ಮದೇ ಇರಬೇಕು, ಸರಿಯಾಗಿ ಕೇಳಿಸ್ಕೊಂಡ್ರಾ?"

"ನಂಗೇನು ಕಿವಿ ಕೇಳಲ್ವಾ?" ಎಂದರು ಮೇಷ್ಟ್ರು, ಬೇಕಾದ್ದಕ್ಕಿಂತ ಜೋರಾಗಿ.

ಆ ವಾರವಿಡೀ ಮೇಷ್ಟ್ರಿಗೆ ಊಟ ಸೇರಲಿಲ್ಲ. ಅವರ ತಾಯಿ ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ "ನನ್ನ ಸೊಸೆ" ಎಂದು ಹೇಳಿಕೊಂಡು ಬಂದರು. ಮಗನ ಸುದ್ದಿ ಹೇಳಲು ಆ ಮುದುಕಿ ಯಾವತ್ತೂ ಮೆಟ್ಟಿಲು ಇಳಿದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು, "ಏನ್ ಸಾರ್, ಇನ್ಮೇಲೆ ಮನೇಲಿ ಪಾತ್ರೆ ತೊಳೆಯೋ ಡ್ಯೂಟಿ ನಿಮ್ದೇ," ಎಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರೂ ನಕ್ಕರು. ನಗುವಾಗ ದವಡೆ ನೋಯುತ್ತಿತ್ತು. ತಮ್ಮ ಕೈಯಲ್ಲಿ ಕಲಿತವರು ಎಂಜಿನಿಯರಾಗಿದ್ದಾರೆ, ಲೆಕ್ಕಪರಿಶೋಧಕರಾಗಿದ್ದಾರೆ. ಅ ಆ ಇ ಈ ಬರೆಸುವುದಕ್ಕೆ ಪ್ರಶಸ್ತಿಯೇ?

ಸಮಾರಂಭದ ಪುಸ್ತಿಕೆಗೆ ಅರ್ಧ ಪುಟದ ಪರಿಚಯ ಬೇಕೆಂದು ಇಲಾಖೆಯಿಂದ ಪತ್ರ ಬಂತು. ಮೇಡಂ ಅಡುಗೆಮನೆಯಲ್ಲೇ ಕೂತು ಬರೆದು ತಂದು ಗಂಡನ ಮುಂದಿಟ್ಟರು. "ನನ್ನ ಬರವಣಿಗೆ ನಿಮಗೆ ಗೊತ್ತಲ್ಲ. ಸ್ವಲ್ಪ ನೋಡಿ ಕೊಡಿ."

ಮೇಷ್ಟ್ರು ಕೆಂಪು ಪೆನ್ನು ತೆಗೆದರು. ಮೊದಲು ಒತ್ತಕ್ಷರ, ದೀರ್ಘ ಸರಿಮಾಡಿದರು. ಆಮೇಲೆ ಸಾಲುಗಳ ಮೇಲೆ ಕೈ ಹೋಯಿತು. ಆರು ತಿಂಗಳು ಬಾಯೇ ಬಿಡದಿದ್ದ ಹುಡುಗಿಯೊಬ್ಬಳು ಒಂದು ದಿನ ಇಡೀ ಕ್ಲಾಸಿಗೆ ತನ್ನ ಹೆಸರು ಹೇಳಿದ ವಿಷಯ ಅಲ್ಲಿತ್ತು. "ಇದೆಲ್ಲ ಕಥೆ ಆಯ್ತು," ಎಂದು ಗೀಟು ಎಳೆದರು. ಮಕ್ಕಳ ಮನೆಗೆ ಹೋಗಿ ಬಂದದ್ದು, ಅಕ್ಷರಕ್ಕೆ ಆಟ ಕಟ್ಟಿದ್ದು, ಎಲ್ಲಕ್ಕೂ ಗೀಟು. ಉಳಿದದ್ದು ಎರಡು ಸಾಲು: ಹುಟ್ಟಿದ ವರ್ಷ, ಓದು, ಸೇವೆಯ ಅವಧಿ. ಮೇಡಂ ಅದನ್ನು ನೋಡಿದರು, ಗಂಡನ ಮುಖವನ್ನೂ ನೋಡಿದರು. "ಸರಿ, ನಿಮಗೆ ಗೊತ್ತಿರತ್ತೆ," ಎಂದು ಹಾಗೆಯೇ ಕಳಿಸಿಕೊಟ್ಟರು.

ಸಮಾರಂಭ ರಾಜಧಾನಿಯಲ್ಲಿ. ತಾಲೀಮಿಗೆಂದು ಪ್ರಶಸ್ತಿ ಪಡೆದವರು ಒಂದು ದಿನ ಮೊದಲೇ ಹೋಗಬೇಕಿತ್ತು. ಒಂದನೇ ಕ್ಲಾಸಿಗೆ ಯಾರೂ ಸಿಗದೆ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಮೇಷ್ಟ್ರನ್ನೇ ಹಿಡಿದರು. "ನಿಮ್ಮ ಮಕ್ಕಳಿಗೆ ಪರೀಕ್ಷೆ ಮುಗಿದಿದೆಯಲ್ಲ ಸಾರ್. ಒಂದೇ ಒಂದು ದಿನ."

"ಅದೇನು ಮಹಾ," ಎಂದು ಒಪ್ಪಿಕೊಂಡರು ಮೇಷ್ಟ್ರು.

ಮೂವತ್ತೊಂದು ಮಕ್ಕಳು. ಹಾಜರಿ ಕರೆಯುವಷ್ಟರಲ್ಲಿ ಇಬ್ಬರು ಅಳುತ್ತಿದ್ದರು, ಒಬ್ಬ ಮೇಜಿನ ಕೆಳಗೆ ಸೇರಿ ಹೊರಬರಲೊಲ್ಲ, ಇನ್ನೊಬ್ಬನ ಶೂ ಕಿಟಕಿಯಾಚೆ ಬಿದ್ದಿತ್ತು. ಹತ್ತನೇ ತರಗತಿಯ ಎಳೆಯ ಮೀಸೆಗಳನ್ನೆಲ್ಲ ನಡುಗಿಸುವ ದನಿಯಲ್ಲಿ ಮೇಷ್ಟ್ರು "ಸೈಲೆನ್ಸ್!" ಎಂದು ಗುಡುಗಿದರು. ಒಂದು ಕ್ಷಣ ನಿಶ್ಶಬ್ದ. ಮರುಕ್ಷಣ ಇಡೀ ಕ್ಲಾಸು ಹೋ ಎಂದು ಅಳತೊಡಗಿತು.

ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಅಳಲಿಲ್ಲ. ಕನಿಕರದಿಂದ ನೋಡಿ, "ಮೇಡಂ ಹಿಂಗೆ ಕೂಗಲ್ಲ," ಎಂದಳು.

"ಮತ್ತೇನ್ ಮಾಡ್ತಾರೆ?"

"ನೆಲದ ಮೇಲೆ ಕೂತ್ಕೊಂಡು ಕಾಯ್ತಾರೆ."

ಮೇಷ್ಟ್ರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲದ ಮೇಲೆ ಕೂತರು. ಕಾದರು. ಒಂದೊಂದೇ ಅಳು ನಿಂತಿತು. ಮೇಜಿನ ಕೆಳಗಿದ್ದವನು ತೆವಳಿಕೊಂಡು ಬಂದು ಅವರ ಮೊಣಕಾಲಿಗೆ ಒರಗಿದ.

ಮಕ್ಕಳು ಆಟಕ್ಕೆ ಹೋದಾಗ ಸೀಮೆಸುಣ್ಣ ಹುಡುಕಲು ಹೆಂಡತಿಯ ಡ್ರಾಯರ್ ಎಳೆದರು. ಒಳಗೊಂದು ದಪ್ಪ ನೋಟ್‌ಬುಕ್. ದಿನಾ ಸಂಜೆ ಒಲೆಯ ಪಕ್ಕ ಕೂತು ಅವಳು ಬರೆಯುತ್ತಿದ್ದದ್ದು ಇದೇ. ಮನೆಗೆ ತರಬೇಕಾದ ಸಾಮಾನಿನ ಪಟ್ಟಿ ಇರಬೇಕೆಂದು ಇವರು ಒಮ್ಮೆಯೂ ಕೇಳಿರಲಿಲ್ಲ. ಒಂದೊಂದು ಮಗುವಿಗೂ ಇಷ್ಟು ಪುಟ ಎಂದು ಹಂಚಿದ್ದಳು. "'ಕ' ಬಂತು, ಬಾಲ ಇನ್ನೂ ಎಡಕ್ಕೆ. ಬೈಯಬಾರದು." "ಸೋಮವಾರ ಅಳುತಾಳೆ. ಭಾನುವಾರ ಅಪ್ಪ ಬಂದು ಹೋಗುವುದರಿಂದ." "ಇವತ್ತು ನಾನೇ ತಪ್ಪು ಮಾಡಿದೆ. ಕೇಳಿಸಿಕೊಳ್ಳದೆ ಗದರಿದೆ. ನಾಳೆ ಕ್ಷಮೆ ಕೇಳಬೇಕು." ಕಪಾಟಿನಲ್ಲಿ ಇಂಥವೇ ಇಪ್ಪತ್ತೊಂದು ನೋಟ್‌ಬುಕ್ಕುಗಳು ಸಾಲಾಗಿ ನಿಂತಿದ್ದವು.

ಮೇಷ್ಟ್ರು ತಪ್ಪು ಹುಡುಕಿದರು. ಕಾಗುಣಿತದ ತಪ್ಪು ಬೇಕಾದಷ್ಟು ಸಿಕ್ಕಿತು. ಬೇರೆ ಯಾವುದೂ ಸಿಗಲಿಲ್ಲ. ಇಷ್ಟು ದಿನ ಹೊಟ್ಟೆಕಿಚ್ಚಿಗೆ ಒಂದು ಊರುಗೋಲಾದರೂ ಇತ್ತು: ಅದೃಷ್ಟ, ಅಧಿಕಾರಿಯ ಮರ್ಜಿ, ಹೆಂಗಸೆಂಬ ರಿಯಾಯಿತಿ. ಈಗ ಅದೂ ಹೋಯಿತು. ತಾವು ಯಾವ ವಿದ್ಯಾರ್ಥಿಗೂ ಯಾವತ್ತೂ ಕ್ಷಮೆ ಕೇಳಿರಲಿಲ್ಲ. ಇವಳಿಗೆ ಸಲ್ಲಬೇಕಾದ್ದೇ ಸಂದಿದೆ ಎಂದು ಗೊತ್ತಾದ ಮೇಲೆ ಹೊಟ್ಟೆ ಇನ್ನೂ ಜಾಸ್ತಿ ಉರಿಯಿತು.

ಆದರೂ ಮಧ್ಯಾಹ್ನ ಇಲಾಖೆಗೆ ಫೋನ್ ಮಾಡಿದರು. "ಪರಿಚಯದಲ್ಲಿ ಕೆಲವು ಸಾಲು ಬಿಟ್ಟುಹೋಗಿದೆ, ಸೇರಿಸ್ಬಹುದಾ?"

"ಪುಸ್ತಿಕೆ ಅಚ್ಚಾಗಿ ಬಂದಾಯ್ತಲ್ಲ ಸಾರ್."

ಮರುದಿನ ಸಭಾಂಗಣದ ಹದಿನಾಲ್ಕನೇ ಸಾಲಿನಲ್ಲಿ ಮೇಷ್ಟ್ರು ಕೂತಿದ್ದರು. ನಿರೂಪಕಿ ಒಬ್ಬೊಬ್ಬರ ಪರಿಚಯ ಓದಿದಾಗಲೂ ಚಪ್ಪಾಳೆ ಬೀಳುತ್ತಿತ್ತು. ಗುಡ್ಡದ ಮೇಲಿನ ಶಾಲೆಗೆ ನಡೆದುಹೋಗುವವರು, ಕುರುಡು ಮಕ್ಕಳಿಗೆ ಭೂಪಟ ಮಾಡಿದವರು. ಮೇಡಂ ಸರದಿ ಬಂತು. ಎರಡು ಸಾಲು ಓದಿ ನಿರೂಪಕಿ ಹಾಳೆ ತಿರುಗಿಸಿದಳು, ಮುಂದೆ ಇದೆಯೇನೋ ಎಂಬಂತೆ. ಇರಲಿಲ್ಲ. ವೇದಿಕೆಯ ಮಧ್ಯಕ್ಕೆ ಇನ್ನೂ ಬಂದು ಮುಟ್ಟದ ಮೇಡಂ ಆ ಮೌನದಲ್ಲೇ ಉಳಿದ ದೂರ ನಡೆದರು. ಮೇಷ್ಟ್ರು ಕೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದರು. ಪಕ್ಕದವರು ತಿರುಗಿ ನೋಡಿದರು.

ಮುಗಿದ ಮೇಲೆ ಹೊರಗಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಪದಕದ ಡಬ್ಬಿ ಮೇಡಂ ಮಡಿಲಲ್ಲಿತ್ತು.

"ಬೇಕೂಂತ್ಲೇ ಹೊಡೆದು ಹಾಕಿದೆ ಕಣೇ," ಎಂದರು ಮೇಷ್ಟ್ರು.

"ಗೊತ್ತು."

"ಗೊತ್ತಿದ್ರೆ ಯಾಕೆ ಕಳಿಸ್ದೆ?"

ಮೇಡಂ ಪದಕದ ಡಬ್ಬಿಯನ್ನು ಪಕ್ಕಕ್ಕಿಟ್ಟರು. "ಎರಡನೇ ಸಲ ನಿಮ್ಮ ಅರ್ಜಿ ವಾಪಸ್ ಬಂತಲ್ಲ, ಅವತ್ತು ನಿಮ್ಮ ಎದುರಿಗೆ ಅಯ್ಯೋ ಅಂದೆ. ಒಳಗೆ ಹೋಗಿ ಸಮಾಧಾನವಾಗಿ ಉಸಿರು ಬಿಟ್ಟೆ. ಮನೇಲಿ ಹೇಗೂ ನಿಮ್ಮ ಹೈಸ್ಕೂಲಿನ ಮಾತೇ ಮಾತು. ಇದೂ ಬಂದುಬಿಟ್ರೆ ನನ್ನ ಕ್ಲಾಸನ್ನ ಕೇಳೋರ್ಯಾರು ಅನ್ನಿಸ್ತು. ಅದಕ್ಕೇ ಸುಮ್ನೆ ಕಳಿಸಿದೆ, ಲೆಕ್ಕ ಸರಿಹೋಗ್ಲಿ ಅಂತ."

ಮೇಷ್ಟ್ರು ತಿರುಗಿ ಹೆಂಡತಿಯ ಮುಖ ನೋಡಿದರು.

"ಆದ್ರೆ ಆ ಹುಡುಗಿ ವಿಷಯ ಹೊಡೀಬಾರದಿತ್ತು ನೀವು," ಎಂದರು ಮೇಡಂ. ಅವರ ದನಿ ಮೊದಲ ಸಲ ಒಡೆಯಿತು. "ಅದು ನನ್ನ ಸಾಧನೆ ಅಲ್ಲ, ಅವಳದ್ದು. ಅವಳಮ್ಮ ಟಿವಿ ಮುಂದೆ ಕಾಯ್ತಾ ಕೂತಿರ್ತಾರೆ. ಹೇಳಿ ಬಂದಿದ್ದೆ."

ಕ್ಷಮಿಸು ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬರಲು ಬಹಳ ಹೊತ್ತು ಹಿಡಿಯಿತು. ಬಂದಾಗಲೂ ಅಭ್ಯಾಸವಿಲ್ಲದವರ ಹಾಗೆ ಎಡವಿಕೊಂಡೇ ಬಂತು. ಮೇಡಂ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಊರಿಗೆ ಮರಳುವ ಬಸ್ಸು ಅರ್ಧ ದಾರಿ ಬಂದಿತ್ತು. ಆಗ ಮೇಷ್ಟ್ರು ಕೇಳಿದರು, "ಆ ಹುಡುಗಿ ಬಾಯಿ ಬಿಡೋ ಹಾಗೆ ಹೇಗೆ ಮಾಡಿದೆ?"

"ನಾನೇನ್ ಮಾಡ್ಲಿಲ್ಲ. ಶುರುವಿನಲ್ಲಿ ದಿನಾ ಅವಳ ಪಕ್ಕ ಕೂತು ನಾನೂ ಮಾತಾಡ್ತಿರಲಿಲ್ಲ..." ಎಂದು ಮೇಡಂ ಶುರುಮಾಡಿದರು. ಹೇಳುತ್ತಾ ಹೇಳುತ್ತಾ ಕಣ್ಣುಗಳು ಅರಳಿದವು, ಕೈಗಳು ಆಡತೊಡಗಿದವು. ಆ ಕೈಗಳನ್ನು ನೋಡುತ್ತಿದ್ದ ಮೇಷ್ಟ್ರಿಗೆ ಎದೆಯಲ್ಲಿ ಅದೇ ಹಳೆಯ ಮುಳ್ಳು ಚುಚ್ಚಿತು. ಅವರು ಅವಳ ಕಡೆಗೆ ಇನ್ನಷ್ಟು ತಿರುಗಿ ಕೂತು, "ಆಮೇಲೆ?" ಎಂದರು.