ಮೂರನೇ ಸಾಲಿನ ಕೊನೆಯ ಕುರ್ಚಿ

ಇದೇನು ಪಾಠದ ಕೋಣೆಯೋ ಕುಣಿಯೋ ಅಂಗಳವೋ, ನಿಲ್ಲಿಸಮ್ಮಾ ಮೊದಲು, ಪಕ್ಕದಲ್ಲಿ ನಾನು ಲೆಕ್ಕ ಹೇಳ್ಕೊಡ್ತಿದ್ದೀನಿ — ಬಾಗಿಲಲ್ಲೇ ನಿಂತು ಕಿರುಚುತ್ತಿದ್ದೇನೆ, ಅರವತ್ತು ಮಕ್ಕಳ ಮುಂದೆ, ಈ ಹೊಸ ಮೇಡಂ, ಹತ್ತು ವರ್ಷದ ಹಿಂದೆ ನನ್ನೆದುರೇ ಕೂತು ಪಾಠ ಕೇಳಿದವಳು, ನಗುತ್ತಲೇ ಹೇಳುತ್ತಾಳೆ, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡ್ತಾರೆ ಸಾರ್, ಕಲ್ತಿದ್ದನ್ನ ಪಕ್ಕದವರಿಗೆ ಹೇಳ್ತಾ ನಡೀತಾರೆ, ಮೈ ಹಗುರಾದ್ರೆ ಮನಸ್ಸೂ ಹಗುರ, ನೀವೂ ಬನ್ನಿ — ಹಿಂದಿನಿಂದ ಯಾವನೋ, ಮೊಳೆ ಮೇಷ್ಟ್ರು ನಡೆದ್ರೆ ನೆಲ ಕಿತ್ಕೊಂಡು ಬರುತ್ತೆ ಕಣೋ, ಅಂದ, ನಕ್ಕರು, ನಗಲಿ, ಮೊಳೆಯೇ ನಾನು, ಕೂತವರನ್ನು ಕೂತಲ್ಲೇ ಜಡಿಯುವವನು, ನಮ್ಮೂರ ಶಾಲೆಯಲ್ಲಿ ಕೈಕಟ್ಟಿ ಕೂತರೆ ಗಂಟೆ ಹೊಡೆಯುವವರೆಗೆ ಅಲ್ಲಾಡುವಂತಿರಲಿಲ್ಲ, ಕಾಲು ಜೋಮು ಹಿಡಿದು ಕೊರಡಾಗುತ್ತಿತ್ತು, ಹಾಗೇ ಕಲಿತೆ, ಕೆಟ್ಟೆನೇ — ಆದರೆ ಸಿಟ್ಟು ಬಂದದ್ದು ಗದ್ದಲಕ್ಕಲ್ಲ, ಸುಳ್ಳೇಕೆ, ಆ ಸದ್ದಿಗೆ, ಎದ್ದ ಕೂಡಲೇ ಸ್ಪ್ರಿಂಗಿನ ಕುರ್ಚಿಯ ಹಲಗೆ ತಾನಾಗಿ ಮೇಲಕ್ಕೆ ಮಡಚಿಕೊಳ್ಳುವ ಸದ್ದಿಗೆ, ಅರವತ್ತೂ ಒಟ್ಟಿಗೆ ಮಡಚಿದರೂ ನನಗೆ ಕೇಳುವುದು ಒಂದೇ, ಹತ್ತು ವರ್ಷದ ಹಿಂದಿನದು, ಮೂರನೇ ಸಾಲಿನ ಕೊನೆ, ಹಾಜರಿ ಸಂಖ್ಯೆ ಹದಿನೇಳರ ಹುಡುಗಿ, ಸಾರ್, ಐದು ನಿಮಿಷ ಗೋಡೆ ಹತ್ರ ನಿಂತ್ಕೋತೀನಿ, ಕೂತೇ ಇದ್ರೆ ಎದೆ ಬಿಗಿಯುತ್ತೆ, ತಲೇಲಿ ಏನೇನೋ ಬರುತ್ತೆ, ಅಂದಳು, ನಾನು ಬೋರ್ಡಿನ ಕಡೆ ತಿರುಗಿಯೇ, ಕೂರೋಕಾಗದಿದ್ರೆ ಹೊರಗೆ ನಡಿ, ಅಂದೆ, ಟಪ್, ಚಪ್ಪಲಿ ಸದ್ದು, ತಿರುಗಿ ನೋಡಲಿಲ್ಲ, ಲೆಕ್ಕ ಅರ್ಧದಲ್ಲಿತ್ತು — ಮರುದಿನ ಹದಿನೇಳು ಅಂದೆ, ಉತ್ತರವಿಲ್ಲ, ಪರೀಕ್ಷೆಯವರೆಗೂ ದಿನಾ ಕೂಗಿದೆ, ಹೆಸರು ಹೊಡೆದುಹಾಕಿ ಸಾರ್ ಅಂತ ಕಚೇರಿಯವರು ಹೇಳಿದರೂ ಹೊಡೆದುಹಾಕಲಿಲ್ಲ, ಓದನ್ನೇ ಬಿಟ್ಟಳಂತೆ, ಅಂತೆ ಅಷ್ಟೇ, ಮನೆಗೆ ಹೋಗಿ ಕೇಳಲಿಲ್ಲ, ಏನು ಹೇಳಿಬಿಡುತ್ತಾರೋ ಎಂಬ ಪುಕ್ಕಲುತನ, ಇಷ್ಟು ದೊಡ್ಡ ಗಂಟಲಿನವನಿಗೆ — ಮೇಡಂ ಹತ್ತಿರ ಬಂದು ದನಿ ತಗ್ಗಿಸುತ್ತಾಳೆ, ಅವತ್ತು ಅವಳ ಪಕ್ಕ ಕೂತಿದ್ದೋಳು ನಾನೇ ಸಾರ್, ಅದಕ್ಕೇ ಇವರನ್ನ ಎಬ್ಬಿಸ್ತಿರೋದು — ಕೇಳೋ ಮೊಳೆ, ಈಗಲಾದರೂ ಕೇಳು, ಅವಳು ಎಲ್ಲಿದ್ದಾಳಮ್ಮಾ ಅಂತ, ಅರವತ್ತು ಜನ ನಿಂತು ನೋಡುತ್ತಿದ್ದಾರೆ, ನಿಂತ್ಕೋ ಮಗಳೇ, ಗೋಡೆ ಹತ್ರ ನಿಂತ್ಕೋ, ಗಂಟೆ ಹೊಡೆಯೋವರೆಗೂ ನಿಂತ್ಕೋ, ಯಾರಿಗೆ ಹೇಳಲಿ, ಕಾಲು ಜೋಮು ಹಿಡಿದಿದೆ, ಬೋರ್ಡಿನ ಮೇಲೆ ಅರ್ಧ ಲೆಕ್ಕ, ಬೆನ್ನ ಹಿಂದೆ ಚಪ್ಪಲಿ ಸದ್ದು ಬಾಗಿಲು ದಾಟುತ್ತದೆ, ಮೂರನೇ ಸಾಲಿನ ಕೊನೆಯಲ್ಲಿ ಹಲಗೆ ಮೇಲೇಳುತ್ತದೆ, ಟಪ್