ಒಂದೇ ಕರೆಗಂಟೆಯ ವಠಾರ

ವಾಷಿಂಗ್ಟನ್ ಪಿಂಟೋಸ್ ಅಮೆರಿಕದ ಮುಖ ಕಂಡವನಲ್ಲ. ಅವನು ಹುಟ್ಟಿದ ಕಾಲಕ್ಕೆ ನಮ್ಮ ಮಾಂಟೆವಿಡಿಯೊದ ಅಪ್ಪಂದಿರಿಗೆ ಮಕ್ಕಳಿಗೆ ಪರದೇಶದ ದೊಡ್ಡವರ ಹೆಸರಿಡುವ ಹುಚ್ಚು ಹಿಡಿದಿತ್ತು, ಅಷ್ಟೆ. ಅವನ ತಮ್ಮ ಎಡಿಸನ್ ಬಂದರಿನಲ್ಲಿ ಮೀನು ಮಾರುತ್ತಾನೆ.

ನಮ್ಮದು ರೆದೂಕ್ತೊ ಬಡಾವಣೆಯ ಹಳೇ ಚರ್ಮದ ಗೋದಾಮಿನಲ್ಲಿರುವ ಸಣ್ಣ ಕಾರ್ಖಾನೆ. ಮಳೆ ಬಂದರೆ ಈಗಲೂ ಗೋಡೆಯಿಂದ ಚರ್ಮದ ವಾಸನೆ ಬರುತ್ತದೆ. ಆಸ್ಪತ್ರೆಗಳಿಗೆ ಕರೆಗಂಟೆಯ ಪೆಟ್ಟಿಗೆ ಮಾಡುತ್ತೇವೆ. ರೋಗಿ ಹಾಸಿಗೆ ಪಕ್ಕದ ಗುಂಡಿ ಒತ್ತಿದರೆ ನರ್ಸಮ್ಮನ ಮೇಜಿನ ಮೇಲೆ ದೀಪ ಹತ್ತಿ ಗಂಟೆ ಹೊಡೆಯಬೇಕು. ಬೆಸುಗೆ ಹಾಕಿ ತಂತಿ ಕೂಡಿಸುವವಳು ನಾನು, ಮಿರ್ತಾ. ಪೆಟ್ಟಿಗೆಯೊಳಗಿನ ಪುಟ್ಟ ಕಂಪ್ಯೂಟರಿನ ಕರ್ನೆಲ್, ಅಂದರೆ ಎಲ್ಲಕ್ಕೂ ಬುಡದಲ್ಲಿ ಕೂತು ಯಜಮಾನಿಕೆ ಮಾಡುವ ಭಾಗ, ವಾಷಿಂಗ್ಟನ್ನನ ಕೈಯಲ್ಲಿದೆ. ಕಂಪ್ಯೂಟರು ಸದಾ ಏನೋ ಒಂದು ಕೆಲಸದಲ್ಲಿ ಮುಳುಗಿರುತ್ತದೆ. ಗುಂಡಿಯಿಂದ ಕರೆ ಬಂದ ತಕ್ಷಣ ಅದನ್ನು ಅಲ್ಲೇ ಬಿಟ್ಟು ಇತ್ತ ತಿರುಗಬೇಕು. ಇದಕ್ಕೆ ಇಂಟರಪ್ಟ್ ಅನ್ನುತ್ತಾರೆ. ಆ ಕರೆ ಎತ್ತಿಕೊಳ್ಳುವ ನಾಲ್ಕು ಸಾಲು ಬರೆಯುವುದರಲ್ಲೇ ಅವನ ಕೂದಲು ನೆರೆತದ್ದು.

"‘ಕೇಳಿಸ್ತು’ ಅನ್ನು, ಗುರುತು ಹಾಕ್ಕೋ, ಕೈಲಿದ್ದ ಕೆಲಸಕ್ಕೆ ವಾಪಸ್ ಹೋಗು. ಮಿಕ್ಕಿದ್ದು ಆಮೇಲೆ," ಅನ್ನುತ್ತಿದ್ದ. "ಬಾಗಿಲಲ್ಲೇ ನಿಂತು ಹರಟೆ ಹೊಡೆದ್ರೆ ಹಿಂದೆ ನಿಂತೋರು ಸಾಯ್ತಾರೆ."

ಗಂಟೆಯ ಗೊಡವೆಯೇ ಇಲ್ಲದ ಇನ್ನೊಂದು ಪದ್ಧತಿಯೂ ಇದೆ. ಕಂಪ್ಯೂಟರೇ ಸುತ್ತು ಹಾಕಿ ಪ್ರತಿ ಗುಂಡಿಯನ್ನೂ "ಏನಾದ್ರೂ ಇದೆಯಾ?" ಅಂತ ಕೇಳುತ್ತಾ ಹೋಗುವುದು. ಅದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಮನೆ ಮನೆ ಬಾಗಿಲು ತಟ್ಟೋದು ತಿರುಕರ ಪದ್ಧತಿ ಮಾರಾಯ್ತಿ. ಬೇಕಾದೋರು ಕರೀತಾರೆ" ಎಂದು ಮೂಗು ಮುರಿಯುತ್ತಿದ್ದ.

ಅವನನ್ನು ಕರೆಯುವವಳೊಬ್ಬಳಿದ್ದಳು, ಹೆಂಡತಿ ನಿಬಿಯಾ. ಅವಳ ನೆನಪು ಎರಡು ವರ್ಷದಿಂದ ಸೋರಿಹೋಗುತ್ತಿತ್ತು. ದಿನಾ ಹತ್ತಾರು ಸಲ ಫೋನು. ಬೀಗದ ಕೈ ಎಲ್ಲಿ, ಅಮ್ಮ ಇನ್ನೂ ಯಾಕೆ ಬಂದಿಲ್ಲ, ಇವತ್ತು ಭಾನುವಾರವಾ. ಯಾರೆದುರಿಗಿದ್ದರೂ ವಾಷಿಂಗ್ಟನ್ ಎತ್ತಿಯೇ ಎತ್ತುತ್ತಿದ್ದ. "ಕೇಳಿಸ್ತು ಚಿನ್ನಾ. ಆಮೇಲೆ ಹೇಳ್ತೀನಿ," ಎಂದು ಇಟ್ಟುಬಿಡುತ್ತಿದ್ದ. ಆಮೇಲೆ ಮಾಟೆ ಎಲೆಯ ಕಷಾಯ ಕುಡಿಯುವ ಹೊತ್ತಿಗೆ ತಾನೇ ಫೋನು ಮಾಡಿ ಸಾವಧಾನವಾಗಿ ಮಾತಾಡುತ್ತಿದ್ದ.

"ಕೇಳಿದ್ದು ಮರುಕ್ಷಣಕ್ಕೇ ಮರೆತಿರ್ತಾಳೆ. ಪ್ರತಿ ಸಲ ಯಾಕೋ ಎತ್ತುತೀಯ ಮುದುಕಾ?" ಅಂತ ಒಮ್ಮೆ ಕೇಳಿದ್ದೆ.

"ಏನು ಕೇಳ್ದೆ ಅನ್ನೋದು ಮರೀತಾಳೆ. ಯಾರೂ ಎತ್ತಲಿಲ್ಲ ಅನ್ನೋದು ಮಾತ್ರ ಮರೆಯಲ್ಲ. ಸಾಯಂಕಾಲದವರೆಗೂ ಮುಖ ಸಣ್ಣ ಮಾಡ್ಕೊಂಡು ಕೂತಿರ್ತಾಳೆ."

ನಿಬಿಯಾಳ ಅಕ್ಕ ಕೋಕಾ ಪಕ್ಕದ ಬೀದಿಯವಳು. ಒಳ್ಳೆಯವಳೇ, ಆದರೆ ಹಿಡಿದದ್ದು ಬಿಡುವವಳಲ್ಲ. ತಂಗಿಯನ್ನು ವೃದ್ಧಾಶ್ರಮಕ್ಕೆ ಸೇರಿಸಬೇಕೆಂದು ಹಟ ಹಿಡಿದು ಕೊನೆಗೆ ಒಂದು ಕರಾರಿಗೆ ಒಪ್ಪಿದ್ದಳು. ನಿಬಿಯಾ ತಾನೇ ಫೋನು ಮಾಡುವಷ್ಟು ದಿನ ಮನೆಯಲ್ಲಿರಲಿ. ಅದು ನಿಂತ ದಿನ ಆಶ್ರಮಕ್ಕೆ. ವಾಷಿಂಗ್ಟನ್ ಮಾತು ಕೊಟ್ಟಿದ್ದ. ಹಾಗಾಗಿ ಆ ಫೋನಿನ ರಗಳೆಯೇ ಅವರ ಸಂಸಾರದ ಆಧಾರವಾಗಿತ್ತು.

ನಮ್ಮ ಯಜಮಾನ ಎಬೆರ್‌ಗೆ ಅದು ತಲೆನೋವು. ಎಲ್ಲರೂ ಒಂದೇ ಸೋರೆಬುರುಡೆಯಿಂದ, ಒಂದೇ ಕೊಳವೆಯಲ್ಲಿ, ಸರದಿಯಂತೆ ಮಾಟೆ ಹೀರುವಾಗ ಅವನು ಮೊದಲ ಸುತ್ತಿಗೇ "ಥ್ಯಾಂಕ್ಸ್" ಎಂದು ಎದ್ದು ಹೋಗುವ ಜಾತಿ. ಬುರುಡೆ ವಾಪಸ್ ಕೊಡುವಾಗ ಥ್ಯಾಂಕ್ಸ್ ಅಂದರೆ ‘ನನಗಿನ್ನು ಬೇಡ’ ಅಂತ ಅರ್ಥ. ಆಮೇಲೆ ಅವರ ಸರದಿ ಬರುವುದಿಲ್ಲ, ಯಾರೂ ಮತ್ತೆ ಕೇಳುವುದೂ ಇಲ್ಲ. ಬಿಸಿನೀರಿನ ಫ್ಲಾಸ್ಕು ಹಿಡಿದು ಎಲ್ಲರಿಗೂ ತುಂಬಿಕೊಡುವವಳು ನಾನಾದ್ದರಿಂದ ಈ ನಿಯಮದಲ್ಲಿ ನಾನು ಕಟ್ಟುನಿಟ್ಟು.

ನಮ್ಮಲ್ಲಿ ನಡುಬೇಸಿಗೆಯಾದ ಜನವರಿಯ ಸುಡುಬಿಸಿಲಿನಲ್ಲಿ ದುರಾಸ್ನೊ ಊರಿನ ಆಸ್ಪತ್ರೆಯಿಂದ ದೂರು ಬಂತು. ಬೆಳಿಗ್ಗೆ ಆರಿಸಿ ಹಾಕಿದಾಗ ಚೆನ್ನಾಗಿರುವ ಪೆಟ್ಟಿಗೆ ಮಧ್ಯಾಹ್ನದ ಮೇಲೆ ಕಿವುಡಾಗುತ್ತದಂತೆ. ಒಬ್ಬ ಮುದುಕಿ ಗುಂಡಿ ಒತ್ತೀ ಒತ್ತೀ ಸಾಕಾಗಿ, ತಾನೇ ಇಳಿಯಲು ಹೋಗಿ ಬಿದ್ದಿದ್ದಳು. ಮೂಳೆ ಮುರಿದಿರಲಿಲ್ಲ, ಪುಣ್ಯ.

"ಇವತ್ತೇ ಹೋಗಿ," ಅಂದ ಎಬೆರ್. "ಸರಿಯಾಗದಿದ್ರೆ ಎಲ್ಲಾ ಕಿತ್ತು ಕಳಿಸ್ತಾರಂತೆ. ಮತ್ತೆ ವಾಷಿಂಗ್ಟನ್, ಅಲ್ಲಿ ಆ ಡಾಕ್ಟ್ರಮ್ಮನ ಎದುರಿಗೆ ಫೋನ್ ಎತ್ತಬೇಡ, ಕೈ ಮುಗೀತೀನಿ."

"ಫೋನು ನನ್ನ ಹತ್ರ ಇರಲಿ. ನಿಬಿಯಾ ಮಾಡಿದ್ರೆ ನಾನು ಮಾತಾಡ್ತೀನಿ," ಅಂದೆ ನಾನು. ವಾಷಿಂಗ್ಟನ್ ಒಲ್ಲದ ಮನಸ್ಸಿನಿಂದ ಕೊಟ್ಟ.

ಆಸ್ಪತ್ರೆಯಲ್ಲಿ ಅವನು ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿ ಕರ್ನೆಲ್ ಬರೆದಿಟ್ಟ ವರದಿ ತೆಗೆದ. ದಿನಾ ಮಧ್ಯಾಹ್ನ ಊರು ಮಲಗುವ ಹೊತ್ತಿಗೆ ಒಂದೇ ಸಾಲು: ಕರೆ ಬಂತು, ಯಾರೂ ತಮ್ಮದೆನ್ನಲಿಲ್ಲ, ತಂತಿ ಮುಚ್ಚಿದ್ದೇನೆ.

ಇದನ್ನು ಹೇಳಬೇಕಾದರೆ ನಾನು ಬೆಳೆದ ವಠಾರದ ಮಾತು ತರಬೇಕು. ಅಷ್ಟೂ ಸಂಸಾರಕ್ಕೆ ಬೀದಿಬಾಗಿಲಲ್ಲಿ ಒಂದೇ ಕರೆಗಂಟೆ. ಹೊಡೆದರೆ ಎಲ್ಲರೂ ಕಿಟಕಿಯಿಂದ ಇಣುಕಿ, ನಮಗಲ್ಲದಿದ್ದರೆ "ನಮಗಲ್ಲ" ಎಂದು ಒಳಗೆ ಹೋಗುತ್ತಿದ್ದೆವು. ಪೋಕರಿ ಹುಡುಗರು ಸುಮ್ಮಸುಮ್ಮನೆ ಒತ್ತಿ ಓಡುವುದು ಅತಿಯಾದ ದಿನ ಮನೆ ಒಡತಿ ರೇಗಿ ತಂತಿಯನ್ನೇ ಕಿತ್ತುಬಿಡುತ್ತಿದ್ದಳು. ಆಗ ನಿಜವಾಗಿ ಬಂದ ನೆಂಟರೂ ವಾಪಸ್. ಕರ್ನೆಲ್ಲೂ ಆ ಒಡತಿಯ ಹಾಗೆಯೇ. ಈ ಪೆಟ್ಟಿಗೆಯಲ್ಲಿ ಹಾಸಿಗೆಯ ಗುಂಡಿಗಳಿಗೂ ಔಷಧಿ ಫ್ರಿಜ್ಜಿನ ಬಾಗಿಲಿಗೂ ಒಂದೇ ತಂತಿ, ಯಾಕೆಂದರೆ ಎಬೆರ್ ಕೊಂಡ ಅಗ್ಗದ ಬೋರ್ಡಿನಲ್ಲಿ ಇನ್ನೊಂದಕ್ಕೆ ಜಾಗವಿರಲಿಲ್ಲ. ಸುಮ್ಮನೆ ಒತ್ತುವ ಪೋಕರಿ ಯಾರು ಅನ್ನುವುದೇ ಪ್ರಶ್ನೆ.

ಊಟದ ಹೊತ್ತಿಗೆ ಪೋಕರಿ ಸಿಕ್ಕಿತು. ನರ್ಸ್ ಯಾನೆತ್ ನಮ್ಮನ್ನು ಕೂರಿಸಿ, ಔಷಧಿ ಫ್ರಿಜ್ಜಿನಿಂದ ಅರ್ಧ ಕಲ್ಲಂಗಡಿ ಎತ್ತಿ ತಂದಳು.

"ವೈನ್ ಕುಡಿದಿಲ್ಲ ತಾನೆ? ಕಲ್ಲಂಗಡಿ ಮೇಲೆ ವೈನ್ ಬಿದ್ರೆ ಆಳು ಉಳಿಯಲ್ಲ," ಎಂದಳು. ಪಕ್ಕದಲ್ಲೇ ಇದ್ದ ಡಾಕ್ಟ್ರಮ್ಮ ಕಮಕ್ ಕಿಮಕ್ ಅನ್ನಲಿಲ್ಲ. ಇಷ್ಟು ಓದಿದವರಿಗೂ ನಮ್ಮ ಜನರ ಆ ಹಳೇ ಮೂಢನಂಬಿಕೆ ಹೋಗಿಲ್ಲ ನೋಡಿ.

ವಾಷಿಂಗ್ಟನ್ ಹಣ್ಣು ಮುಟ್ಟಲಿಲ್ಲ. "ಇದು ದಿನಾ ಅಲ್ಲೇ ಇರುತ್ತಾ ತಾಯಿ?"

"ಮತ್ತೆ? ಈ ಸೆಕೆಗೆ ಇನ್ನೆಲ್ಲಿ ಇಡೋಣ? ಬಾಗಿಲು ಸ್ವಲ್ಪ ಒತ್ತಿ ಹಾಕಬೇಕು, ಅಷ್ಟೆ."

ಹಣ್ಣನ್ನು ಒಳಗಿಟ್ಟು ನೋಡಿದರೆ, ಅದು ಅಡ್ಡವಾಗಿ ಬಾಗಿಲು ಅರೆಬರೆ ಕೂರುತ್ತಿತ್ತು. ಫ್ರಿಜ್ಜು ಗುರ್ ಎಂದಾಗಲೆಲ್ಲ ಬಾಗಿಲು ನಡುಗುವುದು, ನಡುಗಿದಾಗಲೆಲ್ಲ ಅಲ್ಲಿನ ಪುಟ್ಟ ಸ್ವಿಚ್ಚು ಕರೆ ಕಳಿಸುವುದು. ವಾಷಿಂಗ್ಟನ್ ಬರೆದ ಸಾಲುಗಳು ಬಂದು ನೋಡುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ಮುಚ್ಚಿದೆ, ಹಾಗಾದರೆ ನನ್ನದಲ್ಲ, ಎಂದು ಅವು ವಾಪಸ್. ಹಾಸಿಗೆ ಗುಂಡಿಯ ಸಾಲುಗಳೂ ನಮ್ಮದಲ್ಲ ಅನ್ನುವುವು. ಹೀಗೆ ಸಾವಿರಾರು ಸಲ ಆಗಿ, ಕರ್ನೆಲ್ ಒಡತಿ ತಂತಿ ಕೀಳುತ್ತಿದ್ದಳು.

"ನಿಬಿಯಾಗಾದ್ರೆ ಕೆಲಸ ಇದ್ರೂ ಇಲ್ದಿದ್ರೂ ಎತ್ತುತೀಯ. ಫ್ರಿಜ್ಜಿಗೆ ಯಾಕೆ ಈ ಬುದ್ಧಿ ಕಲಿಸ್ಲಿಲ್ಲ?" ಎಂದು ಛೇಡಿಸಿದೆ.

"ಫ್ರಿಜ್ಜನ್ನ ನಾನು ಮದುವೆ ಆಗಿಲ್ವಲ್ಲ," ಎಂದ, ಕಿವಿ ಕೆಂಪಗೆ ಮಾಡಿಕೊಂಡು.

ಕೂತು ತಿದ್ದಿದ. ಕರೆ ಬಂದ ಗುರುತನ್ನು ಸ್ವಿಚ್ಚಿನ ಹತ್ತಿರವೇ ಹಿಡಿದಿಡುವಂತೆ ನಾನೊಂದು ತುಣುಕು ಬೆಸೆದೆ. ಇನ್ನು ಅವನ ಸಾಲುಗಳು ಮೊದಲು "ನನ್ನದೇ" ಅನ್ನಬೇಕು, ಬಾಗಿಲು ತೆರೆದಿತ್ತೋ ಬರೀ ಅಲುಗಿತೋ ಅನ್ನುವುದನ್ನು ಆಮೇಲೆ ವಿಚಾರಿಸಬೇಕು. ಬರೆದು ಮುಗಿಸಿ ತಲೆ ಎತ್ತಿ ಕೇಳಿದ: "ಎಷ್ಟು ಸಲ ಮಾಡಿದ್ಲು?"

ಫೋನು ಬೆಳಗಿನಿಂದ ನನ್ನ ಜೇಬಿನಲ್ಲೇ ಇತ್ತು, ಸದ್ದೂ ಜೋರಾಗಿತ್ತು. "ಒಂದ್ಸಲಾನೂ ಇಲ್ಲ ಕಣೋ."

ಅವನೇ ಮಾಡಿದ. ಆ ಕಡೆ ಹೊಡೆದೂ ಹೊಡೆದೂ ನಿಂತಿತು. ಕೋಕಾಳಿಗೆ ಮಾಡಿದ. ಅವಳು ಓಡಿಹೋಗಿ ಅಲ್ಲಿಂದಲೇ ಮಾತಾಡಿದಳು. ಅವಳ ಗಂಟಲು ದೊಡ್ಡದು, ನನಗೂ ಕೇಳಿಸುತ್ತಿತ್ತು. "ಹಿತ್ತಿಲ ಕುರ್ಚಿ ಮೇಲೆ ಕೂತಿದಾಳೆ. ಆರಾಮಾಗಿದಾಳೆ, ಹೆದರಬೇಡ. ಫೋನು ಕೈಯಲ್ಲೇ ಇದೆ ವಾಷಿಂಗ್ಟನ್. ಪಕ್ಕದ ಮನೆಯವರು ಹೇಳಿದ್ರು, ಹೊಡ್ಕೊಳ್ತಾ ಇತ್ತಂತೆ, ಇವಳು ಅದನ್ನೇ ನೋಡ್ತಾ ಕೂತಿದ್ಲಂತೆ. ಇದೇನು ಅಂತ ನನ್ನ ಕೇಳ್ತಾಳೆ." ಆಮೇಲೆ, "ನೀನು ಮಾತು ಕೊಟ್ಟಿದೀಯ," ಅಂದಳು.

ಅವನು ವಾರ್ಡಿನ ಬೆಂಚಿನ ಮೇಲೆ ಕೂತುಬಿಟ್ಟ. ನನಗೆ ಆ ಹೊತ್ತಿನಲ್ಲಿ ಕೋಕಾಳ ಮೇಲೂ ದೇವರ ಮೇಲೂ ಸಿಟ್ಟು ಬಂತು.

ಎದುರಿಗಿನ ಹಾಸಿಗೆಯಲ್ಲಿ ಲಕ್ವ ಹೊಡೆದ ಅನ್ಸೆಲ್ಮೊ ಎಂಬ ಮುದುಕ ಮಲಗಿದ್ದ. ಗೌರವಕ್ಕೆ ಎಲ್ಲರೂ ಅವನನ್ನು ಡಾನ್ ಅನ್ಸೆಲ್ಮೊ ಅನ್ನುತ್ತಿದ್ದರು. ನಮ್ಮ ಗುಂಡಿ ಅವನ ತಲೆದಿಂಬಿನ ಪಕ್ಕ ಹೊಸದಾಗಿಯೇ ನೇತಾಡುತ್ತಿತ್ತು. ಯಾನೆತ್ ಹೋಗುವಾಗೊಮ್ಮೆ ಬರುವಾಗೊಮ್ಮೆ ಅವನ ಹತ್ತಿರ ಬಗ್ಗಿ, "ಡಾನ್ ಅನ್ಸೆಲ್ಮೊ, ನೀರು ಬೇಕಾ? ಮಗ್ಗುಲು ಬದಲಾಯಿಸ್ಲಾ?" ಅನ್ನುತ್ತಿದ್ದಳು. ಅವನು ಕಣ್ಣಲ್ಲೇ ಬೇಡ ಅನ್ನುತ್ತಿದ್ದ. ಒಮ್ಮೆ ಬೇಕು ಅಂದ, ಅವಳು ನೀರು ಕುಡಿಸಿದಳು.

"ಪ್ರತಿ ಸಲ ಕೇಳ್ತೀರಾ?" ಎಂದ ವಾಷಿಂಗ್ಟನ್.

"ಗುಂಡಿ ಒತ್ತೋಕೆ ಕೈ ಬರಲ್ಲ ಅವರಿಗೆ. ಕರೆಯೋಕೆ ಆಗದಿದ್ರೆ ಬಾಯಾರಿಕೆ ಆಗಲ್ವಾ?" ಎಂದು ಅವಳು ಬಟ್ಟಲು ತೊಳೆಯಲು ಹೋದಳು. ವಾಷಿಂಗ್ಟನ್ ಅವಳು ಹೋದ ದಿಕ್ಕನ್ನೇ ನೋಡುತ್ತಾ ಕೂತ.

ಕಲ್ಲಂಗಡಿಯನ್ನು ಮತ್ತೆ ಫ್ರಿಜ್ಜಿಗೆ ತುರುಕಿ ಸಂಜೆಯವರೆಗೂ ಪರೀಕ್ಷಿಸಿದೆವು. ಬಾಗಿಲು ಎಷ್ಟು ನಡುಗಿದರೂ ಹಾಸಿಗೆಯ ಗಂಟೆ ಠಣ್ ಎಂದು ಹೊಡೆಯಿತು. ಡಾಕ್ಟ್ರಮ್ಮ ಕೈಕುಲುಕಿದರು. ರಾತ್ರಿ ಬಸ್ಸು ಹಿಡಿದು ವಾಪಸಾದೆವು.

ಸೋಮವಾರ ಬೆಳಿಗ್ಗೆ ವಾಷಿಂಗ್ಟನ್ ನಿಬಿಯಾಳ ಕೈ ಹಿಡಿದುಕೊಂಡು ಕಾರ್ಖಾನೆಗೆ ಬಂದ. ಹಿಂದೆಯೇ ಕೋಕಾ, ಮುಖ ಗಂಟು ಹಾಕಿಕೊಂಡು.

"ಇವಳಿಗೆ ಕರೆಯೋಕೆ ಆಗಲ್ಲ. ಅದಕ್ಕೆ ನಾನೇ ಕೇಳ್ತಾ ಇರಬೇಕು," ಎಂದ ಎಬೆರ್‌ನ ಮುಖ ನೋಡಿ. "ನನ್ನ ಪಕ್ಕದಲ್ಲಿ ಕೂತಿರ್ತಾಳೆ. ಬೇಡ ಅಂದ್ರೆ ನನ್ನ ಲೆಕ್ಕ ಚುಕ್ತಾ ಮಾಡಿಬಿಡು."

"ಇದೇನು ಕಾರ್ಖಾನೆಯೋ ಧರ್ಮಛತ್ರವೋ?" ಎಂದು ಎಬೆರ್ ಬಾಯಿ ತೆಗೆದ. ನಿಬಿಯಾ ಅವನನ್ನು ನೋಡಿ, ಯಾರೋ ಗುರುತಿನವನೆಂಬಂತೆ ನಕ್ಕಳು. ಅವನು ಒಳಗೆ ಹೋಗಿ ತನ್ನ ಮೆತ್ತೆಯ ಕುರ್ಚಿಯನ್ನೇ ಎತ್ತಿಕೊಂಡು ಬಂದ. "ನಿನ್ನ ಪಕ್ಕದ ಆ ಸ್ಟೂಲಿನ ಕಾಲು ಅಲ್ಲಾಡುತ್ತೆ, ಬಿದ್ದುಗಿದ್ದಾಳು," ಎಂದು ಗೊಣಗಿದ. ಅವನನ್ನು ಇಷ್ಟು ವರ್ಷ ಬೈದುಕೊಂಡವಳು ನಾನು, ಅವತ್ತು ಮಾತ್ರ ಎದ್ದು ಕುರ್ಚಿಗೆ ಜಾಗ ಮಾಡಿಕೊಟ್ಟೆ.

"ಮುಂದಿನ ತಿಂಗಳು ಕಾರ್ನಿವಲ್ ಹಬ್ಬದವರೆಗೆ ನೋಡ್ತೀನಿ. ಆಗಲಿಲ್ಲ ಅಂದ್ರೆ ಕರ್ಕೊಂಡು ಹೋಗ್ತೀನಿ," ಅಂದಳು ಕೋಕಾ. ಹೋಗಲಿಲ್ಲ, ಬಾಗಿಲ ಹತ್ತಿರವೇ ನಿಂತಳು.

ಮಾಟೆಯ ಹೊತ್ತಾಯಿತು. ನಾನು ತುಂಬಿ ನಿಬಿಯಾಳಿಗೂ ಕೊಟ್ಟೆ. ಕೊಳವೆ ಬುಸ್ ಅನ್ನುವವರೆಗೆ ಹೀರಿ, ಬುರುಡೆ ವಾಪಸ್ ಕೊಡುತ್ತಾ, ಒಳ್ಳೆ ಸಂಸ್ಕಾರದ ಹುಡುಗಿಯ ಹಾಗೆ "ಥ್ಯಾಂಕ್ಸ್" ಎಂದಳು. ಮುಂದಿನ ಸುತ್ತಿನಲ್ಲಿ ನಾನು ಅವಳನ್ನು ದಾಟಿ ಎಬೆರ್‌ಗೆ ಕೊಡಲು ಕೈ ಚಾಚಿದೆ.

"ನಿಬಿಯಾಗೆ?" ಅಂದ ವಾಷಿಂಗ್ಟನ್, ಕಂಪ್ಯೂಟರಿನ ತೆರೆಯಿಂದ ಕಣ್ಣು ಕೀಳದೆ.

"ಥ್ಯಾಂಕ್ಸ್ ಅಂದ್ಲಲ್ಲೋ."

"ಅಂದ್ಲು. ಆದ್ರೂ ಕೇಳು."

ಕೇಳಿದೆ. "ನಿಬಿಯಾ, ಇನ್ನೊಂದು ಕೊಡ್ಲಾ?"

"ಹೂಂ ಕೊಡು," ಅಂದಳು. ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದು ಮುಗಿಸಿ, ಮತ್ತೆ "ಥ್ಯಾಂಕ್ಸ್" ಅಂದಳು. ನಾನು ನೀರು ತುಂಬಿಸಿ ಮತ್ತೆ ಕೇಳಿದೆ. ಬಾಗಿಲ ಹತ್ತಿರ ನಿಂತಿದ್ದ ಕೋಕಾ ಚೀಲ ಕೆಳಗಿಟ್ಟು ಒಳಗೆ ಬಂದು, ಆ ಕಾಲು ಅಲ್ಲಾಡುವ ಸ್ಟೂಲನ್ನು ಎಳೆದುಕೊಂಡು ತಂಗಿಯ ಪಕ್ಕ ಕೂತಳು.